ಗೇಟಿನೆದುರು ಬರೆದದ್ದು

ಮನೆ ಮುಂದೆ ರಂಗೋಲಿ ಹಾಕಿದ್ದಕ್ಕೆ ಜಯಾ ಮೇಲೆ ಪೊಲೀಸರಿಗೆ ದೂರು ಹೋಯಿತು.

ಬಿಟಿಎಂ ಲೇಔಟಿನ ಆ ಬೀದಿಗೆ ಅವತ್ತು ಒಬ್ಬ ನಾಯಕರು ಶುದ್ಧ ನೀರಿನ ಘಟಕ ಉದ್ಘಾಟಿಸಲು ಬರುವವರಿದ್ದರು. ಗದಗ ಕಡೆಯಿಂದ ಬಂದು ಬಾಡಿಗೆಗಿದ್ದ ಜಯಾಳ ಮಗಳು ಕಾಮಾಲೆಯಿಂದ ಎದ್ದು ಇನ್ನೂ ಸರಿಯಾಗಿ ಓಡಾಡುತ್ತಿರಲಿಲ್ಲ. ಜಯಾ ಬೆಳಗ್ಗೆ ಗೇಟಿನೆದುರು ಬಳ್ಳಿ ಎಳೆದು ನಡುವೆ ಬರೆದಳು: "ನಲ್ಲಿಯಲ್ಲಿ ಮೋರಿ ನೀರು ಬರುತ್ತಿದೆ. ಒಂದು ಲೋಟ ಕುಡಿದು ಹೋಗಿ, ಸಾಹೇಬ್ರೇ." ಮೂಲೆ ಮೂಲೆಗೆ ಅರಿಶಿನ, ಕುಂಕುಮ.

ನಾಯಕರ ಕಡೆಯವರ ಭಾವನೆಗೆ ಧಕ್ಕೆಯಾಯಿತು. ಬೀದಿಯುದ್ದಕ್ಕೂ ನಾಯಕರ ಹುಟ್ಟುಹಬ್ಬದ ಫ್ಲೆಕ್ಸುಗಳು ಫುಟ್‌ಪಾತಿಗೆ ಅಡ್ಡ ನಿಂತಿದ್ದವು. ಅವುಗಳಿಂದ ಯಾರ ಭಾವನೆಗೂ ಏನೂ ಆಗಿರಲಿಲ್ಲ.

ಪೇದೆ ಹನಮಂತ ಬಂದ. ಅವನೂ ಗದಗ ಕಡೆಯವನೇ.

"ಅಕ್ಕಾರ, ಮಾತಾಡೋ ಹಕ್ಕು ಸಂವಿಧಾನದಾಗ ಐತ್ರಿ. ಅದಕ್ಕ ಮಿತೀನೂ ಐತ್ರಿ."

"ಗೊತ್ತೈತೋ ತಮ್ಮಾ. ದೇಶದ ಭದ್ರತಾ, ಸಾರ್ವಜನಿಕ ಸುವ್ಯವಸ್ಥಾ, ಸಭ್ಯತಾ... ನಾ ಇದರಾಗ ಯಾವುದು ಕೆಡಿಸೀನಿ?"

ಹನಮಂತ ಗೇಟಿನ ಪಕ್ಕ ತೊಟ್ಟಿಕ್ಕುತ್ತಿದ್ದ ನಲ್ಲಿಯ ಕಡೆ ನೋಡಿ, ಮೂಗು ಮುಚ್ಚಿಕೊಂಡು ಯೋಚಿಸಿದ. "ನೀರಿನ ನಾತ ನೋಡಿದ್ರ, ಸಭ್ಯತಾ ಇರಬೇಕ್ರಿ."

ಅಳಿಸಲು ಎತ್ತಿದ ಬೂಟುಗಾಲನ್ನು ಕುಂಕುಮ ಕಂಡು ಹಿಂದಕ್ಕೆಳೆದುಕೊಂಡ. ದೂರು ಕೊಟ್ಟವರಿಗೂ ತುಳಿಯುವ ಧೈರ್ಯವಾಗಲಿಲ್ಲ. "ಹಾಕ್ದೋರೇ ಅಳಿಸ್ಬೇಕು" ಅಂದರು. ಅಲ್ಲಿಯವರೆಗೆ ಯಾರ ಕಾಲೂ ತಾಗದಂತೆ ಠಾಣೆಯವರು ಸುತ್ತ ಬ್ಯಾರಿಕೇಡ್ ಇಟ್ಟು, ಹನಮಂತನನ್ನೇ ಕಾವಲಿಗೆ ನಿಲ್ಲಿಸಿದರು. ಪೊಲೀಸರನ್ನು ಕಂಡು ಬೀದಿಯೆಲ್ಲ ಓದಲು ಬಂತು. ಓದಿದವರು ಫೋಟೊ ತೆಗೆದು ಹಂಚಿದರು. ಪ್ರಭುತ್ವ ಒಬ್ಬ ಪ್ರಜೆಯ ಮಾತನ್ನು ಇಷ್ಟು ಜತನದಿಂದ ಕಾಪಾಡಿದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

ಮನೆ ಮಾಲೀಕ ಚಿಕ್ಕಬೈರಪ್ಪ ಮೆಟ್ಟಿಲಿಳಿದು ಬಂದ. "ನೋಡಮ್ಮ, ಸಂವಿಧಾನ ಎಲ್ಲಾ ಸರಿ. ಮನೆ ನಂದು. ಅಳಿಸ್ತೀಯೋ, ಖಾಲಿ ಮಾಡ್ತೀಯೋ?"

"ಮನಿ ನಿಮ್ದ ಖರೆ ಅಂಕಲ್. ರಸ್ತಾ ಯಾರ್ದು?"

"ಹಂಗಾದ್ರೆ ಇವತ್ತೇ ಸಾಮಾನು ಕಟ್ಟು!"

ಜಯಾ ಒಳಗೆ ಮಲಗಿದ್ದ ಮಗಳ ಕಡೆ ನೋಡಿದಳು. ಗೇಟು ಬಿಟ್ಟು ಕದಲಲಿಲ್ಲ.

ತಿರುವಿನಲ್ಲಿ ನಾಯಕರ ಕಾರುಗಳ ಸೈರನ್ ಕೇಳಿಸಿತು. ಚಿಕ್ಕಬೈರಪ್ಪ ಹೆಂಡತಿ ಬೈರಮ್ಮನನ್ನು ಕೂಗಿದ. "ಲೇ, ಪೊರಕೆ ತಗೊಂಡ್ ಬಾ! ಒಂದ್ ಬಕೆಟ್ ನೀರ್ ಹುಯ್ದು ಗುಡ್ಸು ಇದನ್ನ!"

ಬೈರಮ್ಮ ಬರಿಗೈಲಿ ಬಂದಳು. ಬ್ಯಾರಿಕೇಡಿಗೆ ಒರಗಿ, ಒಂದೊಂದೇ ಅಕ್ಷರ ಕೂಡಿಸಿ ಕೊನೆವರೆಗೂ ಓದಿದಳು.

"ನಾ ಗುಡ್ಸಲ್ಲ ಕಣಯ್ಯ," ಅಂದಳು. "ಅವಳೂ ಎಲ್ಲೂ ಹೋಗಲ್ಲ."