ಬ್ಯಾಂಕಮ್ಮನ ಕೀ

ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ, ಲಾಭಕ್ಕೆ ಮಾರುವುದು ಅವನ ಕಸುಬು. ಸೂರು ಸೋರುವ ಮನೆ ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಇರುವ ಪರಿಚಯದವರ ಬಾಗಿಲು ತಟ್ಟುತ್ತಿದ್ದ. ಈ ಸಲ ತಟ್ಟಿದ್ದು ನಿವೃತ್ತ ನರ್ಸೊಬ್ಬರ ಬಾಗಿಲು. ಅವನ ತಾಯಿ ಕೊನೆಯ ಸಲ ಆಸ್ಪತ್ರೆ ಸೇರಿದ್ದಾಗ ನೋಡಿಕೊಂಡವರು ಅವರೇ.

ನರ್ಸಮ್ಮ ಮೂವತ್ತೈದು ವರ್ಷ ವಾರ್ಡಿನ ಗದ್ದಲದಲ್ಲೇ ಬದುಕಿದವರು. ಮದುವೆಯ ಮಾತೆತ್ತಿದವರಿಗೆ ಮೂವತ್ತು ಹಾಸಿಗೆಯ ಸಂಸಾರ ಸಾಲದೇ ಎಂದು ಬಾಯಿ ಮುಚ್ಚಿಸುತ್ತಿದ್ದರು. ನಿವೃತ್ತಿಯಾದ ಮರುದಿನ ಆ ಸಂಸಾರ ಖಾಲಿ. ಈಗ ಮೂರನೇ ಮಹಡಿಯ ಮನೆಯಲ್ಲಿ ಫ್ರಿಜ್ಜು ಗುರ್ ಅನ್ನುವುದು ನಿಂತರೆ ತಮ್ಮ ಉಸಿರು ತಮಗೇ ಕೇಳಿಸುತ್ತಿತ್ತು.

ಅವರು ದುಡ್ಡು ಕೊಡಲು ಒಪ್ಪಿದರು. ಅವನು ಕೊಂಡ ಹಳೇ ಮನೆಯ ಮೇಲೆ ಅಡಮಾನ ಪತ್ರ ಒಂಬತ್ತು ತಿಂಗಳ ವಾಯಿದೆಗೆ ಆಯಿತು. ಬೇರೆ ಷರತ್ತೇನಾದರೂ ಇದೆಯೇ ಎಂದು ವಕೀಲರು ಕೇಳಿದಾಗ, ಆ ಮನೆಯ ಒಂದು ಕೀ ನನ್ನ ಹತ್ತಿರ ಇರಲಿ ಎಂದರು ನರ್ಸಮ್ಮ. ದುಡ್ಡು ಹಾಕಿದವರಿಗೆ ಅಷ್ಟು ಭಯ ಇದ್ದೇ ಇರುತ್ತದೆ ಎಂದುಕೊಂಡು ಅವನು ಕೊಟ್ಟ.

ಮೊದಲ ಸಲ ಅವರು ಹೋದದ್ದು ನಿಜಕ್ಕೂ ದುಡ್ಡು ಏನಾಗುತ್ತಿದೆ ನೋಡಲೆಂದೇ. ಮಾಲೀಕನಾದ ಅವನು ಬೆಳಿಗ್ಗೆ ಒಂದು ಸುತ್ತು ಹಾಕಿ ಹೋದರೆ ಮಧ್ಯಾಹ್ನವೆಲ್ಲ ಗಾರೆ ಮೇಸ್ತ್ರಿ, ಬಡಗಿ, ಬಣ್ಣದವನು, ಈ ಮೂವರದೇ ರಾಜ್ಯ. ಒಂದೇ ಸಮನೆ ಕಾಲೆಳೆದಾಟ.

"ನೀನು ಕಟ್ಟಿದ ಗೋಡೆ ನಿನ್ನ ಮಾತಿನ ಹಾಗೇ ಮೇಸ್ತ್ರಿ, ಒಂದು ಕಡೆ ನಿಲ್ಲಲ್ಲ. ಇದಕ್ಕೆ ನಾನು ಬಾಗಿಲು ಕೂರಿಸ್ಬೇಕು," ಎನ್ನುತ್ತಿದ್ದ ಬಡಗಿ.

ನರ್ಸಮ್ಮ ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಕೂತರು. ಮರುದಿನವೂ ಕೂತರು. ಬಡಗಿ ಅವರಿಗೆ ಬ್ಯಾಂಕಮ್ಮ ಎಂದು ಹೆಸರಿಟ್ಟ. ಟೀ ತರಿಸುವಾಗ ಅವರದೂ ಒಂದು ಲೋಟ ಸೇರಿತು. ಮೇಸ್ತ್ರಿಯ ಸೊಂಟ ನೋವಿಗೆ ಅವರು ವ್ಯಾಯಾಮ ಹೇಳಿಕೊಟ್ಟರು, ಬಣ್ಣದವನ ಕೆಮ್ಮಿಗೆ ಬೈದರು. ಮಾಲೀಕನ ಕಿವಿಗೆ ಇದು ಬೀಳದಂತೆ ಮೂವರೂ ನೋಡಿಕೊಂಡರು.

ಐದನೇ ತಿಂಗಳಿಗೇ ಕೆಲಸ ಮುಗಿಯಿತು. ಮೂವರೂ ಸಾಮಾನು ಎತ್ತಿಕೊಂಡು ಹೋದರು. ನರ್ಸಮ್ಮ ಆಮೇಲೂ ಹೋಗುತ್ತಿದ್ದರು. ಗೋಡೆಗಳು ನೆಟ್ಟಗೆ ನಿಂತಿದ್ದವು, ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಕೆಮ್ಮಿದರೆ ಎಲ್ಲ ಕೋಣೆಗಳೂ ಅವರ ಕೆಮ್ಮನ್ನೇ ವಾಪಸು ಕೊಡುತ್ತಿದ್ದವು. ಒಂದು ಮಧ್ಯಾಹ್ನ ಅವನು ಮನೆ ಕೊಳ್ಳುವ ಗಂಡ ಹೆಂಡತಿಯನ್ನು ಕರೆದುಕೊಂಡು ಬಂದ. ಡಬ್ಬದ ಮೇಲೆ ನರ್ಸಮ್ಮ ಕೂತಿದ್ದರು. ಗಾಳಿಯಾಡಲಿ ಎಂದು ಕಿಟಕಿ ತೆಗೆಯಲು ಬಂದಿದ್ದೆ ಎಂದು ಎದ್ದುಬಿಟ್ಟರು. ಕಿಟಕಿಗಳು ಮುಚ್ಚಿಯೇ ಇದ್ದವು.

ಆ ಗಂಡ ಹೆಂಡತಿಯೇ ಮನೆ ಕೊಂಡರು. ಮಾರನೇ ವಾರ ಅವನು ಚೆಕ್ಕು ಹಿಡಿದು ಮೂರು ಮಹಡಿ ಹತ್ತಿದ. ಕೂರಲು ಪುರುಸೊತ್ತಿಲ್ಲ.

"ಅಸಲು, ಬಡ್ಡಿ ಎರಡೂ ಇದೆ ಸಿಸ್ಟರ್. ವಾಯಿದೆಗಿಂತ ನಾಲ್ಕು ತಿಂಗಳು ಮುಂಚೆ."

ಶಹಬ್ಬಾಸ್ ಎನ್ನುತ್ತಾರೆಂದು ಕಾದ. ನರ್ಸಮ್ಮ ಕೀಯನ್ನು ಮೇಜಿನ ಮೇಲಿಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಇಟ್ಟರು. ಆ ಮೂವರು ಈಗೆಲ್ಲಿದ್ದಾರೆ ಎಂದು ಕೇಳಿದರು.

ಬೇರೆ ಊರಿನಲ್ಲಿ ಇನ್ನೊಂದು ಮನೆ ಮಾತಾಡಿದ್ದೇನೆ, ಅವರನ್ನೇ ಅಲ್ಲಿಗೆ ಹಾಕುತ್ತಿದ್ದೇನೆ ಎಂದ. ಬಸ್ಸಿನಲ್ಲಿ ಎರಡು ಗಂಟೆ ದಾರಿ. ನಿಮಗೆ ದೂರವಾಗುತ್ತದೆಂದು ದುಡ್ಡಿಗೆ ಬೇರೆಯವರನ್ನು ಕೇಳಿದ್ದೇನೆ ಎಂದೂ ಹೇಳಿದ.

"ಅವರಿಗೆ ಬೇಡ ಅಂತ ಹೇಳು. ಇದನ್ನೇ ಅದಕ್ಕೆ ಹಾಕು, ಪತ್ರ ಹೊಸದಾಗಿ ಮಾಡ್ಸೋಣ," ಎಂದು ನರ್ಸಮ್ಮ ಚೆಕ್ಕನ್ನು ಅವನ ಕಡೆಗೆ ಸರಿಸಿದರು. "ಮನೆ ತುಂಬಾ ಹಾಳಾಗಿದೆಯಾ?"

"ತುಂಬಾನೇ. ವರ್ಷ ಹಿಡಿಯುತ್ತೆ. ಆದ್ರೆ ಸಿಸ್ಟರ್, ನೋಡೋಕೆ ಬರ್ಬೇಕಂದ್ರೂ ಎರಡು ಗಂಟೆ ಬಸ್ಸು..."

"ಹೋಗ್ತಾ ಎರಡು, ಬರ್ತಾ ಎರಡು. ಅಲ್ಲೇ ನಾಲ್ಕು ಗಂಟೆ ಕಳೆಯುತ್ತಲ್ಲ. ನೀನು ಕೀ ಮಾತ್ರ ಎರಡು ಮಾಡ್ಸು."

ಮುಚ್ಚಿದ ಕಿಟಕಿಗಳು ಅವನಿಗೆ ಆಗ ನೆನಪಾದವು. ಚೆಕ್ಕು ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದ. ಒಂದು ಲೋಟ ಟೀ ಸಿಗುತ್ತಾ ಎಂದು ಕೇಳಿ, ಕುರ್ಚಿ ಎಳೆದುಕೊಂಡ.