ದಡಿಯನ ಕೊರಳ ಅಳತೆ

ಬಹಳ ಹಿಂದಿನ ಮಾತೇನಲ್ಲ, ಆದರೂ ಕಥೆಯ ಹಾಗೆಯೇ ಹೇಳಬೇಕು. ತನ್ನ ನೆರಳು ತಿರುಗಿ ನೋಡಿತೆಂದು ಬೆಚ್ಚುವಂಥ ಒಬ್ಬ ಹೊಲಿಗೆಯವಳಿದ್ದಳು. ಅವಳಿಗೊಬ್ಬ ಗಂಡ, ಗಂಡನಿಗೊಂದು ಲಾರಿ. ಲಾರಿ ಊರೂರು ಅಲೆಯುವಾಗ ಅವಳು ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಕೂತು ಮಷೀನು ತುಳಿಯುತ್ತಿದ್ದಳು. ಒಂದು ಸಂಜೆ ಯಾರೋ ಹಿತ್ತಲ ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿ ಹೋದರು. ಅಂದಿನಿಂದ ನಾಲ್ಕು ಹೊಲಿಗೆ ಹಾಕುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ನಾಲ್ಕು ಹೊಲಿಗೆ ಹಾಕುವುದು, ಇದೇ ಅವಳ ಬದುಕಾಯಿತು.

ನಾಯಿ ತರೋಣ ಎಂದ ಗಂಡ. ಚಿಕ್ಕಂದಿನಲ್ಲಿ ಮೀನಖಂಡಕ್ಕೆ ನಾಯಿ ಕಚ್ಚಿಸಿಕೊಂಡವಳು ಅವಳು. ಹೊರಗಿನ ಭಯಕ್ಕೆ ಮದ್ದೆಂದು ಇನ್ನೊಂದು ಭಯವನ್ನು ಒಳಗೆ ಕರೆತಂದು ಅನ್ನ ಹಾಕಿ ಸಾಕುವುದೇ ಎಂದು ಮುಖ ಊದಿಸಿಕೊಂಡಳು. ಗಂಡ ಬಿಡಲಿಲ್ಲ. ದಿಕ್ಕಿಲ್ಲದ ನಾಯಿಗಳನ್ನು, ಯಾರಾದರೂ ಒಯ್ಯುವ ತನಕ, ತನ್ನ ಮನೆಯಲ್ಲಿಟ್ಟು ಸಲಹುವ ಒಬ್ಬ ನರ್ಸಮ್ಮ ಅವನಿಗೆ ಗೊತ್ತಿದ್ದಳು. ಅಲ್ಲೊಂದು ಮರಿಯಿದೆ, ಇನ್ನೂ ವರ್ಷ ತುಂಬಿಲ್ಲ, ನೋಡಿ ಬಂದಿದ್ದೇನೆ ಎಂದ.

ನರ್ಸಮ್ಮ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ಮರಿಯ ಕೊರಳಿಗೆ ಹಿಂದೆ ಯಾರೋ ಬಿಗಿದ ಹಗ್ಗ ಮಾಂಸದೊಳಕ್ಕೆ ಇಳಿದಿತ್ತಂತೆ. ಚರ್ಮದ ಪಟ್ಟಿ, ಸರಪಳಿ ಯಾವುದೂ ಅದಕ್ಕೆ ಆಗದು, ಮೆತ್ತನೆ ಬಟ್ಟೆಯದೇ ಆಗಬೇಕು. ಅದನ್ನು ಕಟ್ಟುವುದೂ ಕರೆದೊಯ್ಯುವವರೇ ಆಗಬೇಕು. ಹಿಂದೆ ತಾನು ಕಟ್ಟಿ ಬೇರೆಯವರ ಕೈಗೆ ಕೊಟ್ಟಾಗೆಲ್ಲ ಅದು ದಾರಿಯಲ್ಲಿ ಕಿತ್ತುಕೊಂಡು ತನ್ನನ್ನೇ ಹುಡುಕಿ ಓಡಿಬಂದಿದೆ. ಕಳೆದ ಸಲ ಬಸ್ಸಿನ ಚಕ್ರದಿಂದ ಕೂದಲೆಳೆಯಲ್ಲಿ ಉಳಿದಿದೆ. ಕಟ್ಟುವ ಕೆಲಸ ಹೇಗೂ ಗಂಡನದು ಎಂಬ ಧೈರ್ಯದಲ್ಲಿ ಹೊಲಿಗೆಯವಳು, "ಆಗಲಿ ಅಕ್ಕ, ಮಾತು ಕೊಡ್ತೀನಿ. ಪಟ್ಟಿ ನಾನೇ ಹೊಲೀತೀನಿ, ನಮ್ಮ ಕೈಯಾರೆ ಕಟ್ಟಿ ಕರ್ಕೊಂಡು ಹೋಗ್ತೀವಿ" ಅಂದುಬಿಟ್ಟಳು.

ಒಮ್ಮೆ ಬಂದು ಕೊರಳ ಅಳತೆ ತಗೊಂಡು ಹೋಗು ಎಂದು ನರ್ಸಮ್ಮ ಹೇಳಿದ್ದಳು. ಅಳತೆಯಿಲ್ಲದೆ ಒಂದು ಕರವಸ್ತ್ರಕ್ಕೂ ಕತ್ತರಿ ಇಡದವಳು ಈ ಒಂದು ಸಲ ಹೋಗಲಿಲ್ಲ. ಇವತ್ತು ನಾಳೆ ಎಂದು ತಳ್ಳಿ, ಕೊನೆಗೆ ಅಡುಗೆಮನೆಯ ನೀರಿನ ಬಾಟಲಿಗೆ ಟೇಪು ಸುತ್ತಿ, ಮರಿಯ ಕೊರಳು ಇನ್ನೆಷ್ಟಿರುತ್ತದೆ ಎಂದು ಬಟ್ಟೆ ಕತ್ತರಿಸಿದಳು.

ಕರೆತರುವ ದಿನ ಲಾರಿ ದೂರದ ರಸ್ತೆಯಲ್ಲಿ ಕೆಟ್ಟು ನಿಂತಿತು. ಗಂಡ ಫೋನು ಮಾಡಿದ. ನರ್ಸಮ್ಮ ಮರುದಿನ ಮನೆ ಖಾಲಿ ಮಾಡುತ್ತಾಳೆ, ಹೊಸ ಮನೆಯಲ್ಲಿ ನಾಯಿ ಇಡುವ ಹಾಗಿಲ್ಲ. ಇವತ್ತು ಯಾರೂ ಕರೆದೊಯ್ಯದಿದ್ದರೆ ಮರಿಯನ್ನು ಒಯ್ಯಲು ಸಂಜೆಗೆ ನಾಯಿಗಳ ದೊಡ್ಡಿಯಿಂದ ವ್ಯಾನು ಬರುತ್ತದೆ. ಹಿಂದೆ ಆ ದೊಡ್ಡಿಯ ಬೋನಿನಲ್ಲಿ ಅದು ತನ್ನ ಮುಂಗಾಲನ್ನು ತಾನೇ ಕಚ್ಚಿ ಮೂಳೆ ಕಾಣುವಷ್ಟು ಗಾಯ ಮಾಡಿಕೊಂಡಿತ್ತು.

"ಪುಕ್ಕಲಿ, ನೀನೇ ಹೋಗ್ಬೇಕು ಕಣೇ" ಅಂದ. "ಮರಿ ಅಷ್ಟೇ ಅದು."

ನರ್ಸಮ್ಮನ ಮನೆ ಅರ್ಧ ಖಾಲಿಯಾಗಿತ್ತು. ಗೋಡೆಯ ಪಕ್ಕ ರಟ್ಟಿನ ಪೆಟ್ಟಿಗೆಗಳು, ನಡುವೆ ಮಡಿಚಿದ ಹಾಸಿಗೆ. ಪೆಟ್ಟಿಗೆಗಳ ಹಿಂದಿನಿಂದ ಏನೋ ಎದ್ದಿತು. ಎದ್ದಿತು, ಇನ್ನೂ ಎದ್ದಿತು. ಕರುವಿನಷ್ಟು ಎತ್ತರ, ಬಾಗಿಲ ಚಿಲಕದಷ್ಟು ದಪ್ಪ ಉಗುರು. ಹೊಲಿಗೆಯವಳು ಹೊಸ್ತಿಲಿಗೆ ಹಿಂದೆ ಸರಿದಳು.

"ಮರಿ ಎಲ್ಲಿ ಅಕ್ಕ?"

"ಇವನೇ ಮರಿ. ದಡಿಯ ಅಂತ ಕರೀತೀನಿ."

"ನಾನು ಇದರ ಅಮ್ಮ ಅಂದ್ಕೊಂಡೆ."

"ಇವನ ಅಮ್ಮನ್ನ ನೋಡಿದ್ರೆ ನೀನು ಇಷ್ಟೊತ್ತಿಗೆ ಬೀದಿ ಕೊನೇಲಿರ್ತಿದ್ದೆ."

ಹೊಲಿಗೆಯವಳು ನಗುವುದಕ್ಕೆ ಬಾಯಿ ತೆರೆದಳು, ನಗು ಬರಲಿಲ್ಲ. ಚೀಲದಿಂದ ಬಟ್ಟೆಯ ಬಾರಿನ ಸಮೇತ ಪಟ್ಟಿ ತೆಗೆದು ಕೊಟ್ಟಳು. ನರ್ಸಮ್ಮ ಅದನ್ನು ಹಿಂದೆ ಮುಂದೆ ನೋಡಿ ತನ್ನ ಮುಂಗೈಗೆ ತೊಟ್ಟಳು. ಬಳೆಯ ಹಾಗೆ ಕೂತಿತು.

ಬಿಚ್ಚಿ, ತುಂಡು ಸೇರಿಸಿ ಹೊಲಿಯಬಹುದಿತ್ತು. ಸೂಜಿ, ದಾರ, ಕತ್ತರಿ ಚೀಲದಲ್ಲೇ ಇದ್ದವು. ಎಷ್ಟು ಸೇರಿಸಬೇಕು ಎಂಬುದಕ್ಕೆ ಮಾತ್ರ ಅಳತೆ ಬೇಕು. ಇಷ್ಟು ದಿನ ತಪ್ಪಿಸಿಕೊಂಡ ಅಳತೆ ಈಗ ನಾಲಗೆ ಚಾಚಿ ಎದುರಿಗೇ ನಿಂತಿತ್ತು. ಅವಳು ಟೇಪು ಬಿಚ್ಚಿದಳು. ಅದು ಹಾವಿನಂತೆ ಜಾರಿ ನೆಲಕ್ಕೆ ಇಳಿದದ್ದೇ ತಡ, ದಡಿಯ ಹಲ್ಲು ಕಿರಿದು ಗುರ್ರೆಂದ. ಅವಳ ಹಳೆಯ ಕಚ್ಚಿನ ಗಾಯ ಮೀನಖಂಡದಲ್ಲಿ ಹೊಸದಾಗಿ ಉರಿಯಿತು. ಕಾಲಿಗೆ ಬುದ್ಧಿ ಹೇಳಬೇಕೆಂದರೆ ಕಾಲು ಮಾತು ಕೇಳಬೇಕಲ್ಲ.

"ನೀವೇ ಅಳೆದು ಕೊಡಿ ಅಕ್ಕ. ಕಟ್ಟೋದು ಬೇಕಾದ್ರೆ ನಾನೇ..."

ನರ್ಸಮ್ಮ ತಲೆಯಾಡಿಸಿದಳು. "ಇಲ್ಲಿ ಮುಟ್ಟೋಕಾಗದವಳು ರಸ್ತೇಲಿ ಹೇಗೆ ಹಿಡ್ಕೊಳ್ತೀಯ? ಆಗಲ್ಲ ಅಂದ್ರೆ ಆಗಲ್ಲ ಅನ್ನು, ತಂಗಿ. ನಾನೇನೂ ಬೈಯಲ್ಲ."

ಬೀದಿಯಾಚೆ ಎಲ್ಲೋ ವ್ಯಾನಿನ ಹಾರ್ನ್ ಕೇಳಿಸಿತು. ಆ ಸದ್ದು ದಡಿಯನಿಗೆ ಗೊತ್ತಿತ್ತು. ಅಷ್ಟು ದೊಡ್ಡ ಮೈ ಒಮ್ಮೆಲೇ ನೆಲಕ್ಕೆ ಅಂಟಿತು. ಹೊಟ್ಟೆಯ ಕೆಳಗಿನಿಂದ ಉಚ್ಚೆ ಹರಿದು ಹೊಲಿಗೆಯವಳ ಚಪ್ಪಲಿಯವರೆಗೆ ಬಂತು.

ಅವಳ ಬಳಿ ಅಂಗಿ ಹೊಲಿಸಲು ಬರುವ ಮಕ್ಕಳಲ್ಲಿ ಟೇಪು ಕಂಡರೆ ಚೀರುವವು ಇದ್ದವು. ಅಂಥವಕ್ಕೆ ಅವಳು ಟೇಪು ತೋರಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಮುಖ ಬೇರೆಲ್ಲೋ ಮಾಡಿ, ಏನೇನೋ ಮಾತಾಡುತ್ತ ಕೈಯಿಂದ ಗೇಣು ಹಾಕಿಬಿಡುತ್ತಿದ್ದಳು. ಈಗ ಟೇಪನ್ನು ಸುತ್ತಿ ಪೆಟ್ಟಿಗೆಗಳಾಚೆ ಎಸೆದಳು. ಹಾಗೆ ಎಸೆದ ಮೇಲೆಯೇ ಅವಳಿಗೆ ಹೊಳೆದದ್ದು, ಇನ್ನು ಬರಿಗೈಯನ್ನೇ ಅದರ ದವಡೆಯ ಕೆಳಗೆ ಇಡಬೇಕು.

ದಡಿಯನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಬಾಯಿಗೆ ಬಂದದ್ದನ್ನು ಹೇಳತೊಡಗಿದಳು: ಈ ಮನೆಯ ಗೋಡೆಗೆ ಸುಣ್ಣ ಬೇಕು, ಲಾರಿಯವನು ಮನೆಗೆ ಬರಲಿ ಅವನಿಗೆ ಐತೆ, ಬಾಟಲಿಗೆ ಟೇಪು ಸುತ್ತಿದವಳಿಗೆ ಯಾವ ಶಿಕ್ಷೆ. ಎಡಗೈ ಇಂಚಿಂಚೇ ಸರಿಯಿತು. ಮೊದಲು ಬಿಸಿಯುಸಿರು ತಾಗಿತು, ಆಮೇಲೆ ಒದ್ದೆ ತುಟಿ. ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಚಾಚಿದಳು. ಬೆರಳಿಗೆ ಕೂದಲಿಲ್ಲದ ನುಣುಪಾದ ಒಂದು ಸುತ್ತು ಸಿಕ್ಕಿತು, ಹಗ್ಗ ಇಳಿದಿದ್ದ ಜಾಗ. ಅದರಡಿಯಲ್ಲಿ ನರ ಡವಡವ ಹೊಡೆದುಕೊಳ್ಳುತ್ತಿತ್ತು. ಒಂದು ಗೇಣು. ಕೈ ತಿರುಗಿಸಿ ಇನ್ನೊಂದು ಗೇಣು, ಮೇಲೆ ಎರಡು ಬೆರಳು. ಕಚ್ಚಲಿಲ್ಲ. ಗುರುಗುಟ್ಟುವುದನ್ನೂ ಬಿಡಲಿಲ್ಲ.

ಮೂಲೆಯ ಗೋಡೆಗೆ ಒರಗಿ, ತನ್ನ ಚೀಲದ ಹಿಡಿಯನ್ನೇ ಕತ್ತರಿಸಿ ಪಟ್ಟಿಗೆ ಜೋಡಿಸಿದಳು. ಸೂಜಿ ಬೆರಳಿಗೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಕೊನೆಯ ಗಂಟು ಹಾಕುವಷ್ಟರಲ್ಲಿ ಗೇಟು ಕಿರ್ರೆಂದಿತು. ವ್ಯಾನಿನವನು ತುದಿಗೆ ಹಗ್ಗದ ಕುಣಿಕೆಯಿದ್ದ ಕೋಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ.

ದಡಿಯ ಹಾರಿದ. ಕಿಟಕಿ ಮುಚ್ಚಿತ್ತು, ಬಾಗಿಲಲ್ಲಿ ಕುಣಿಕೆಯಿತ್ತು. ಉಳಿದದ್ದು ಗೋಡೆಯ ಮೂಲೆ, ಅಲ್ಲಿ ಅವಳು. ಅಷ್ಟೂ ಭಾರ ಅವಳ ಎದೆಗೆ ಬಂದು ಬಡಿಯಿತು. ಬೆನ್ನು ಗೋಡೆಗೆ ಅಪ್ಪಳಿಸಿತು, ಕಣ್ಣೆದುರು ಹಲ್ಲು, ಹಲ್ಲಿನಾಚೆ ಕೆಂಪು ಬಾಯಿ. ಇಲ್ಲಿಗೆ ಮುಗಿಯಿತು ಎಂದು ಅವಳು ಕಣ್ಣು ಮುಚ್ಚಿದಳು. ಆಗ ಆ ತಲೆ ಅವಳ ತೋಳಿನ ಸಂದಿಗೆ ತೂರಿಕೊಂಡು, ಇನ್ನೂ ಒಳಗೆ, ಇನ್ನೂ ಒಳಗೆ ಎಂದು ಒತ್ತಿತು.

"ಅಲ್ಲೇ ನಿಲ್ಲಪ್ಪ" ಎಂದು ನರ್ಸಮ್ಮ ವ್ಯಾನಿನವನಿಗೆ ಅಡ್ಡ ನಿಂತಳು. ಅವನು, ನನಗೂ ಹೊತ್ತಾಯ್ತು ಎಂದು ಗೊಣಗಿದ.

ಹೊಲಿಗೆಯವಳು ಕಣ್ಣು ತೆರೆಯದೆ ಪಟ್ಟಿಯನ್ನು ಆ ಕೊರಳಿಗೆ ಸುತ್ತಿದಳು. ಕೊಕ್ಕೆ ಒಮ್ಮೆ ತಪ್ಪಿತು. ಮತ್ತೊಮ್ಮೆ ತಪ್ಪಿತು. ಅವಳು ಮೂಗಿನಲ್ಲೇ ಅಳುತ್ತಿದ್ದಳು, ಅದು ಗಂಟಲಲ್ಲೇ ಗುರುಗುಟ್ಟುತ್ತಿತ್ತು. ಮೂರನೆಯ ಸಲ ಕೊಕ್ಕೆ ಕೂತಿತು. ಪಟ್ಟಿಯ ಕೆಳಗೆ ಎರಡು ಬೆರಳು ಆಡಿಸಿ ನೋಡಿದಳು: ಬಿಗಿಯಿಲ್ಲ, ಸಡಿಲವಿಲ್ಲ.

"ಏಳೋ" ಎಂದಳು, ಅವನಿಗೋ ತನಗೋ.

ಇಬ್ಬರೂ ಗೋಡೆ ಸವರಿಕೊಂಡೇ ಎದ್ದರು. ವ್ಯಾನಿನವನು ಕೋಲನ್ನು ಬೆನ್ನ ಹಿಂದೆ ಹಿಡಿದು ಪಕ್ಕಕ್ಕೆ ಸರಿದ. ನರ್ಸಮ್ಮ ದಡಿಯನನ್ನು ಕರೆಯಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ದಡಿಯ ಒಂದು ಸಲ ಹಿಂದೆ ತಿರುಗಿ ನಿಂತ. ಹೊಲಿಗೆಯವಳು ಎಳೆಯಲಿಲ್ಲ, ಬಾರು ಹಿಡಿದು ಅವನ ಪಕ್ಕದಲ್ಲೇ ನಿಂತಳು. ಆಮೇಲೆ ಅವನು ಹೆಜ್ಜೆ ತೆಗೆದ, ಅವಳೂ ತೆಗೆದಳು, ಗೇಟು ದಾಟಿದರು.