ಸೊಂಟಕ್ಕೇನೂ ಆಗಿಲ್ಲ

"ಏಳೇ, ಏಳು! ನಿನ್ನ ಸೊಂಟಕ್ಕೇನು ಮುತ್ತು ಕೊಟ್ಟು ಎಬ್ಬಿಸ್ಬೇಕಾ?"

ಮೇಸ್ತ್ರಿ ಕೂಗಿದಾಗ ಅತ್ತಿಗೆಯ ಅರ್ಧ ಮೈ ಬಟ್ಟೆ ಒಗೆಯುವ ಯಂತ್ರದ ಬಾಯೊಳಗಿತ್ತು. ಒದ್ದೆ ಚಾದರ ಎಳೆಯಲು ಬಗ್ಗಿದವಳು ಹಾಗೇ ನಿಂತುಬಿಟ್ಟಿದ್ದಳು.

"ಸೊಂಟ ಹಿಡ್ಕೊಂಡ್ಬಿಟ್ಟಿದೆ ಅಣ್ಣಾ," ದನಿ ಬಾವಿಯೊಳಗಿಂದ ಬಂದಂತೆ ಬಂತು.

"ಹಿಡ್ಕೊಂಡಿದ್ರೆ ಬಿಡಿಸ್ಕೋ. ಹಲ್ಕಾ ಮುಂಡೆವು, ಬೆಳಗಾದ್ರೆ ಒಂದೊಂದು ನಾಟಕ!"

ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆಯೆಲ್ಲ ಒಗೆಯಲು ಬರುವುದು ನಮ್ಮ ಕಾರ್ಖಾನೆಗೇ. ರಕ್ತ, ಕೀವು, ಹೇಲು, ಉಚ್ಚೆ, ಎಲ್ಲವನ್ನೂ ನಾವು ನಲವತ್ತು ಹೆಂಗಸರು ಬೆಳ್ಳಗೆ ಮಾಡಿ ಕಳಿಸುತ್ತೇವೆ. ಒಣಗಿದ ಚಾದರ ಮಗುವೂ ಹೊರಬಲ್ಲದು. ಅರವತ್ತು ಚಾದರ ನೀರು ಕುಡಿದು, ಹೆಬ್ಬಾವಿನ ಹಾಗೆ ಒಂದಕ್ಕೊಂದು ಸುತ್ತಿಕೊಂಡು ಡ್ರಮ್ಮಿನ ತಳದಲ್ಲಿ ಬಿದ್ದಿರುವಾಗ ಅದರ ಭಾರ ಎಳೆದವರಿಗೇ ಗೊತ್ತು. ಯಂತ್ರಗಳು ಹಳೆಯವು, ಬಾಯಿ ಮೇಲಕ್ಕಿದೆ. ಹೊಟ್ಟೆಯನ್ನು ಅಂಚಿಗೆ ಒತ್ತಿ, ಹಿಮ್ಮಡಿ ಎತ್ತಿ, ತಲೆ ಒಳಗೆ ತೂರಿಸಿದರಷ್ಟೇ ಕೈ ತಳ ಮುಟ್ಟುತ್ತದೆ. ಅತ್ತಿಗೆ ಎಳೆಯುವವಳು, ನಾನು ಹಿಡಿದು ಗಾಡಿಗೆ ಹಾಕುವವಳು. ಹನ್ನೆರಡು ವರ್ಷದ ಜೋಡಿ ನಮ್ಮದು.

ಅವಳು ನಮ್ಮಣ್ಣನ ಹೆಂಡತಿ. ಅಣ್ಣ ಇದೇ ಕಾರ್ಖಾನೆಯ ಬಾಯ್ಲರಿನ ಹತ್ತಿರ ದುಡಿದು, ಉಸಿರಾಡಲಾಗದೆ ಮನೆಯಲ್ಲಿ ಕೂತು ಎರಡು ವರ್ಷವಾಗಿತ್ತು. ಅವನು, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ನಿಂತಿದ್ದು ಅತ್ತಿಗೆಯ ಸೊಂಟದ ಮೇಲೆ. ಮೂರು ದಿನ ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅದು ಮಾಲೀಕರ ನಿಯಮ.

ನಾನೂ ಇನ್ನೊಬ್ಬಳೂ ಅವಳನ್ನು ಡ್ರಮ್ಮಿನಿಂದ ಬಿಡಿಸಿದೆವು. ನೆಟ್ಟಗಾಗಲಿಲ್ಲ. ಬಗ್ಗಿದವಳನ್ನು ಹಾಗೇ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ನಡೆಸಿಕೊಂಡು ಹೊರಟೆ. ದಾರಿಯಲ್ಲಿ ಒಬ್ಬ ಮುದುಕಪ್ಪ ತಾನೂ ನೆಲ ನೋಡುತ್ತ ನಿಂತ. "ಏನಮ್ಮಾ ಬೀಳಿಸ್ಕೊಂಡ್ರಿ?"

"ಬೆನ್ನು ಕಣಪ್ಪಾ," ಅಂದಳು ಅತ್ತಿಗೆ. "ಸಿಕ್ರೆ ಹೇಳು."

ಆರೋಗ್ಯ ಕೇಂದ್ರದ ಬಾಗಿಲಿಗೆ ಹೊಸ ಬ್ಯಾನರು ಕಟ್ಟಿದ್ದರು: ಸೊಂಟ ನೋವು ನಿರ್ವಹಣಾ ಸಪ್ತಾಹ. ಅದರ ಮೇಲಿನ ಚಿತ್ರದಲ್ಲಿ ಟೈ ಕಟ್ಟಿದ ಗಂಡಸೊಬ್ಬ ಕುರ್ಚಿಯಲ್ಲಿ ಕೂತು ನರಳುತ್ತಿದ್ದ. ಎರಡು ದಿನದ ತರಬೇತಿ ಮುಗಿಸಿ ಬಂದಿದ್ದ ಡಾಕ್ಟರು, ಅಂಥವನೊಬ್ಬ ಬರಲಿ ಅಂತಲೇ ಕಾಯುತ್ತಿದ್ದರೇನೋ. ಬಂದವರು ನಾವು. ಆದರೂ ಉತ್ಸಾಹದಿಂದ ಹೊಸ ಫಾರಂ ತೆಗೆದರು. ಅತ್ತಿಗೆಗೆ ಅವರ ಮುಖ ಕಾಣುತ್ತಿರಲಿಲ್ಲ, ಬೂಟು ಕಾಣುತ್ತಿತ್ತು. ಉತ್ತರವೆಲ್ಲ ಬೂಟಿಗೇ ಹೇಳಿದಳು.

"ದಿನಕ್ಕೆ ಎಷ್ಟು ಗಂಟೆ ಕೂತು ಕೆಲಸ ಮಾಡ್ತೀಯಮ್ಮಾ?"

"ಕೂರೋದಾ? ಕೂತ್ರೆ ಮೇಸ್ತ್ರಿ ನಮ್ಮಮ್ಮನ ತನಕ ಹೋಗ್ತಾನೆ ಸಾರ್."

"ಸೊನ್ನೆ," ಡಾಕ್ಟರು ಬರೆದುಕೊಂಡರು. "ಒಳ್ಳೇದು. ಕೂರೋದೇ ಸೊಂಟಕ್ಕೆ ಶತ್ರು. ವ್ಯಾಯಾಮ ಮಾಡ್ತೀಯಾ?"

"ಹಂಗಂದ್ರೆ?"

"ಬಗ್ಗೋದು, ಏಳೋದು, ಕೈ ಚಾಚೋದು."

"ದಿನಾ ಮಾಡ್ತೀನಿ. ಹತ್ತು ಗಂಟೆ."

"ಭೇಷ್!" ಡಾಕ್ಟರು ಇನ್ನೊಂದು ಗುರುತು ಹಾಕಿದರು. "ಉಚ್ಚೆ ಹಿಡಿತದಲ್ಲಿದೆಯಾ? ತಡ್ಕೊಳ್ಳೋಕ್ಕಾಗುತ್ತಾ?"

"ಅದಕ್ಕೇನು ಸಾರ್, ಐದು ಗಂಟೆ ಬೇಕಾದ್ರೂ ತಡ್ಕೋತೀನಿ. ಅವನು ಬಿಡೋದೇ ದಿನಕ್ಕೆರಡು ಸಲ."

"ಹಿಡಿತ ಉತ್ತಮ." ಪೆನ್ನು ಓಡಿತು. "ಕೆಲಸ ಅಂದ್ರೆ ಮನಸ್ಸಿನಲ್ಲಿ ಏನಾದ್ರೂ ಭಯ?"

"ಕೆಲಸದ ಭಯ ಇಲ್ಲ ಸಾರ್. ಹೋಗ್ಬಿಟ್ರೆ ಅಂತ ಭಯ."

"ಅಲ್ಲಿ ನೋಡು!" ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೇ ಕಾರಣ. ನೋವಿರೋದು ಸೊಂಟದಲ್ಲಲ್ಲ, ಭಯದಲ್ಲಿ. ನಿನ್ನ ಸೊಂಟಕ್ಕೇನೂ ಆಗಿಲ್ಲ. ಸ್ನಾಯು ಮುನಿಸ್ಕೊಂಡಿದೆ, ಅಷ್ಟೆ. ಮಲಗಬೇಡ. ಓಡಾಡ್ತಾ ಇರು. ಕೆಲಸ ಮಾತ್ರ ಬಿಡಬೇಡ."

ಫಾರಮ್ಮಿನ ಕೊನೆಯ ಸಾಲು ಖಾಲಿ ಉಳಿದಿತ್ತು. ಏಳನೇ ಕ್ಲಾಸು ಓದಿದ್ದ ನನಗೆ ತಲೆಕೆಳಗಾಗಿದ್ದರೂ ಓದಲು ಬಂತು. "ಇದೊಂದು ಬಿಟ್ಟಿದೀರಿ ಸಾರ್. ಕೆಲಸದ ಭಾರ ಕಡಿಮೆ ಮಾಡುವಂತೆ ಮಾಲೀಕರಿಗೆ ಪತ್ರ, ಹೌದು ಅಥವಾ ಇಲ್ಲ."

ಡಾಕ್ಟರು ಒಂದು ಸಲ ಮೇಲೆ ನೋಡಿದರು. ಅಲ್ಲಿದ್ದ ಫ್ಯಾನು ನಮ್ಮ ಮಾಲೀಕರ ದಾನ. ಮೂರು ರೆಕ್ಕೆಗೂ ಅವರ ಹೆಸರು ಬರೆಸಿದ್ದರು. ಕರೆಂಟು ಹೋಗಿದ್ದರಿಂದ ಚೆನ್ನಾಗಿ ಓದಲು ಬರುತ್ತಿತ್ತು.

"ಅದು ಆಫೀಸಿನಲ್ಲಿ ಕೆಲಸ ಮಾಡೋರಿಗೆ," ಎಂದು ‘ಇಲ್ಲ’ದ ಮುಂದೆ ಗುರುತು ಹಾಕಿದರು. ಹತ್ತು ಮಾತ್ರೆ ಕೊಟ್ಟು, ಚೀಟಿಯಲ್ಲಿ ‘ಕೆಲಸಕ್ಕೆ ಯೋಗ್ಯ’ ಎಂದು ಬರೆದರು.

ಮಾರನೇ ಬೆಳಿಗ್ಗೆ ಆ ಚೀಟಿಯನ್ನು ಮೇಸ್ತ್ರಿ ಸ್ಟೂಲು ಹತ್ತಿ ಎಲ್ಲರಿಗೂ ಓದಿ ಹೇಳಿದ. "ಕೇಳಿಸ್ತಾ? ಡಾಕ್ಟ್ರೇ ಬರೆದಿದ್ದಾರೆ, ಏನೂ ಆಗಿಲ್ಲ ಅಂತ. ಇನ್ಮೇಲೆ ಸೊಂಟ ಅಂತ ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ."

ಅತ್ತಿಗೆ ಮಾತ್ರೆ ನುಂಗಿ ನಾಲ್ಕು ದಿನ ಎಳೆದಳು. ಬೆನ್ನು ಸ್ವಲ್ಪ ನೆಟ್ಟಗಾಗಿತ್ತು, ಆದರೆ ಮೈ ಎಡಕ್ಕೆ ವಾಲಿತ್ತು. ಮನೆಯಲ್ಲಿ ಅವಳ ಸೀರೆಯ ನೆರಿಗೆ ಹಿಡಿಯಲು ದೊಡ್ಡ ಮಗಳು ಬರಬೇಕಾಗಿತ್ತು. ಅಣ್ಣ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ. ನಾನೇ ಎಳೀತೀನಿ ಅಂದರೆ ಅತ್ತಿಗೆ ಒಪ್ಪಲಿಲ್ಲ. "ನಿನ್ನ ಸೊಂಟಾನೂ ಹೋದ್ರೆ ನಿನ್ನ ನೆರಿಗೆ ಹಿಡಿಯೋಕೆ ಯಾರನ್ನ ಕರೀಲೇ?" ಅಂದಳು.

ಸಪ್ತಾಹದ ಕೊನೆಯ ದಿನ ಡಾಕ್ಟರು ಖುದ್ದು ಕಾರ್ಖಾನೆಗೆ ಬಂದರು. ಭಾರ ಎತ್ತುವ ಸರಿಯಾದ ವಿಧಾನದ ಬಗ್ಗೆ ಉಪನ್ಯಾಸ. ಅವರಿಗೂ ಮಾಲೀಕರಿಗೂ ಸೋಫಾ ಬೇಕಾಯಿತು. ಅದನ್ನು ಮಹಡಿಯ ಆಫೀಸಿನಿಂದ ಹೊತ್ತು ತಂದವರು ನಾವೇ.

"ನೀವೆಲ್ಲ ನನ್ನ ಸ್ವಂತ ಹೆಣ್ಣುಮಕ್ಕಳಿದ್ದ ಹಾಗೆ," ಮಾಲೀಕರು ಶುರುಮಾಡಿದರು. "ನಿಮ್ಮ ಸೊಂಟ ಬೇರೆ ಅಲ್ಲ, ನನ್ನ ಸೊಂಟ ಬೇರೆ ಅಲ್ಲ."

"ಹಂಗಾದ್ರೆ ಒಂದಿನ ಅದಲು ಬದಲು ಮಾಡ್ಕೊಳ್ಳೋಣ," ನನ್ನ ಹಿಂದೆ ಯಾರೋ ಗೊಣಗಿದರು. ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟುಕೊಂಡಿತು.

ಡಾಕ್ಟರು ಒಂದು ರಟ್ಟಿನ ಡಬ್ಬ ನೆಲದ ಮೇಲಿಟ್ಟರು. ಮಂಡಿ ಮಡಚಿದರು, ಬೆನ್ನು ನೆಟ್ಟಗೆ ಇಟ್ಟರು, ಡಬ್ಬವನ್ನು ಎದೆಗೊತ್ತಿಕೊಂಡು ಎದ್ದರು. "ನೋಡಿದ್ರಾ? ಎಷ್ಟು ಸುಲಭ!" ಮಾಲೀಕರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಇನ್ನೂ ಜೋರಾಗಿ ತಟ್ಟಿದ.

ಅತ್ತಿಗೆ ಎದ್ದಳು. ಎದ್ದಳು ಅನ್ನುವುದಕ್ಕಿಂತ ನನ್ನ ಭುಜ ಹಿಡಿದು ಹತ್ತಿದಳು. "ಡಬ್ಬದೊಳಗೆ ಏನಿದೆ ಸಾರ್?"

"ಏನಿಲ್ಲಮ್ಮಾ, ಖಾಲಿ. ವಿಧಾನ ಮುಖ್ಯ."

"ವಿಧಾನ ತಿಳೀತು. ಆ ಡ್ರಮ್ಮಿಗೆ ಹೊಟ್ಟೆ ಒತ್ತಿ ನಿಂತಾಗ ಮಂಡಿ ಮಡಚೋದು ಹೆಂಗೆ ಅಂತ ಗೊತ್ತಾಗ್ಲಿಲ್ಲ. ಒಂದ್ಸಲ ಅದರಲ್ಲೇ ತೋರಿಸ್ಬಿಡಿ."

"ಏಯ್, ಮುಚ್ಕೊಂಡು ಕೂತ್ಕೊಳೇ!" ಮೇಸ್ತ್ರಿ ಹಾರಿದ.

ಡಾಕ್ಟರಿಗೆ ಹುರುಪು ಬಂದಿತ್ತು. ನಲವತ್ತು ಹೆಂಗಸರು ನೋಡುತ್ತಿದ್ದರು. "ಇರಲಿ ಇರಲಿ," ಎನ್ನುತ್ತ ಅಂಗಿಯ ತೋಳು ಮಡಚಿ, ಒದ್ದೆ ಚಾದರ ತುಂಬಿದ್ದ ಯಂತ್ರದ ಹತ್ತಿರ ಹೋದರು. ಮಂಡಿ ಮಡಚಿದರು. ಡ್ರಮ್ಮಿನ ಅಂಚು ಮೂಗಿಗೆ ಬಂತು. ಎದ್ದು, ಅಕ್ಕಪಕ್ಕ ನೋಡಿ, ನಮ್ಮ ಹಾಗೇ ಹೊಟ್ಟೆ ಒತ್ತಿ ತಲೆ ಒಳಗೆ ಹಾಕಿದರು. ಬೂಟು ನೆಲ ಬಿಟ್ಟಿತು. ಒಳಗಿನಿಂದ ಒಂದು ತಿಣುಕಿದ ಸದ್ದು. ಚಾದರದ ತುದಿ ಒಂದು ಮೊಳ ಮೇಲೆ ಬಂತು, ಅಲ್ಲೇ ನಿಂತಿತು. ಇನ್ನೊಮ್ಮೆ ಎಳೆದರು. ಕೈ ಜಾರಿತು. ಸೋಪಿನ ನೆಲದ ಮೇಲೆ ದಬಕ್ಕನೆ ಕೂತರು.

ನಾವು ನಕ್ಕೆವು. ಆ ಶೆಡ್ಡಿನಲ್ಲಿ ಅಷ್ಟು ದೊಡ್ಡ ನಗು ನಾನು ಕೇಳಿರಲಿಲ್ಲ. ಮೇಸ್ತ್ರಿಯೂ ಹಲ್ಲು ಬಿಟ್ಟು, ಮಾಲೀಕರ ಮುಖ ನೋಡಿ ಗಬಕ್ಕನೆ ಬಾಯಿ ಮುಚ್ಚಿಕೊಂಡ.

ಡಾಕ್ಟರು ಕೆಂಪಾಗಿ ಎದ್ದರು. ತಪ್ಪು ಯಾರ ಮೇಲಾದರೂ ಹಾಕಲೇಬೇಕಿತ್ತು. "ಇಷ್ಟೊಂದು ತುಂಬಿದ್ರೆ ಯಾವನಿಗೆ ಎಳೆಯೋಕ್ಕಾಗುತ್ತೆ? ಅರ್ಧ ಹಾಕ್ಬೇಕು ಅರ್ಧ! ಅಷ್ಟೂ ಗೊತ್ತಾಗಲ್ವಾ ನಿಮಗೆ?"

ನಗು ನಿಂತಿತು.

"ಕೇಳಿಸ್ಕೊಂಡ್ರೇನ್ರೇ?" ಅತ್ತಿಗೆ ನಮ್ಮತ್ತ ತಿರುಗಿದಳು. "ಡಾಕ್ಟ್ರು ಅರ್ಧ ಅಂದ್ರು."

"ಕೇಳಿಸ್ತು," ಅಂದೆವು.

ಮಾರನೇ ದಿನ ಎಂಟು ಯಂತ್ರಕ್ಕೂ ಮೂವತ್ತು ಮೂವತ್ತೇ ಚಾದರ ಬಿತ್ತು. ಎಳೆದರೆ ಚಾದರ ಒಂದೇ ಸಲಕ್ಕೆ ಬಿಡಿಸಿಕೊಂಡು ಮೇಲೆ ಬಂತು. ಮಧ್ಯಾಹ್ನದ ಹೊತ್ತಿಗೆ ಕೊಳೆ ಬಟ್ಟೆಯ ರಾಶಿ ಕಿಟಕಿ ಮುಚ್ಚಿತು, ಒಗೆದ ಬಟ್ಟೆ ಒಯ್ಯಲು ಬಂದ ಮೊದಲ ಆಸ್ಪತ್ರೆಯ ಗಾಡಿ ಖಾಲಿಯೇ ಹಿಂತಿರುಗಿತು. ಮೇಸ್ತ್ರಿ ಫೋನು ಹಿಡಿದು ಓಡಿಬಂದ.

"ಡಾಕ್ಟ್ರು ಹಂಗೆ ಹೇಳೇ ಇಲ್ವಂತೆ ಕಣ್ರೇ!"

"ಬಂದು ನಮ್ಮೆದುರು ಹೇಳ್ಲಿ," ಅಂದೆ ನಾನು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಮಾಲೀಕರು ಬರ್ತಾ ಇದ್ದಾರೆ. ಇವತ್ತು ನಿಮ್ಮ ನಲವತ್ತು ಹೆಸರೂ ಹೊಡೆದುಹಾಕ್ತಾರೆ, ನೋಡ್ತಿರಿ." ಅವನು ರಾಶಿಯಿಂದ ಒಂದು ಕಟ್ಟನ್ನು ತಬ್ಬಿ ತಂದು ನಮ್ಮ ಡ್ರಮ್ಮಿಗೆ ತುರುಕಿದ. ರಕ್ತ ಒಣಗಿದ ಬಟ್ಟೆ ಅವನ ಬಿಳಿ ಅಂಗಿಗೆ ಉಜ್ಜಿತು. "ತುಂಬ್ರೇ!"

ಯಾರೂ ಅಲುಗಲಿಲ್ಲ. ಗೇಟಿನಲ್ಲಿ ಕಾರಿನ ಹಾರ್ನು ಕೇಳಿಸಿತು.

ಅತ್ತಿಗೆ ಡ್ರಮ್ಮಿಗೆ ಕೈಹಾಕಿದಳು. ಅವನು ತುರುಕಿದ್ದನ್ನು ಒಂದೊಂದಾಗಿ ತೆಗೆದು ಅವನ ಕಾಲ ಮೇಲೆ ಹಾಕಿದಳು. ಮುಚ್ಚಳ ಎಳೆದು ಗುಂಡಿ ಒತ್ತಿದಳು.

ಯಂತ್ರ ತಿರುಗತೊಡಗಿತು. ಹೊರಗೆ ಹಾರ್ನು ಬಿಡದೆ ಕೂಗುತ್ತಿತ್ತು. ಗೇಟು ತೆಗೆಯುವ ಕೆಲಸವೂ ನಮ್ಮದೇ.